ಕಾದ ಉಸುಕಿನ ಪದ

ಬಿಸಿ ಮಂಡಕ್ಕಿಯ ವಾಸನೆ ಬಂದರೆ ಈಗಲೂ ನನ್ನ ಎರಡೂ ಕೈ ಜರಡಿ ಹಿಡಿದಂತೆ ತಾವಾಗಿಯೇ ಅಲುಗುತ್ತವೆ. ಬರೀ ಮಂಡಕ್ಕಿಯ ವಾಸನೆಯಲ್ಲ ಅದು. ಕಾದ ಉಸುಕು, ಉಪ್ಪುನೀರು ಹೀರಿದ ಅಕ್ಕಿ, ಒಲೆಯಲ್ಲಿ ಉರಿಯುವ ಭತ್ತದ ಹೊಟ್ಟು, ಇವೆಲ್ಲ ಒಂದಾದಾಗ ಏಳುವ ವಾಸನೆ. ಮೊನ್ನೆ ನಮ್ಮ ಚರ್ಚಿನ ಸಭೆಯ ಹೆಂಗಸರ ತಂಡ ಟೆಂಪೊ ಮಾಡಿಕೊಂಡು ಜಗಳೂರಿನ ಕಡೆ ಹೊರಟಿತ್ತು. ಅಡಿಗೆಯ ಪಾತ್ರೆಗಳ ಜೊತೆ ಹಿಂದಿನ ಸೀಟಿನಲ್ಲಿ ನಾನು. ದಾರಿಯಲ್ಲಿ ಒಬ್ಬರು ಇಳಿದು ಆಗಷ್ಟೇ ಹುರಿದ ಮಂಡಕ್ಕಿಯ ಚೀಲವೊಂದನ್ನು ತಂದು ನನ್ನ ಕಾಲ ಬಳಿ ಇಟ್ಟರು. ಚೀಲದ ಬಾಯಿ ಸಡಿಲವಾಗಿತ್ತು. ಟೆಂಪೊ ಕುಲುಕಿದಾಗೊಮ್ಮೆ ಆ ವಾಸನೆ ಎದ್ದು ಬಂದು ನನ್ನನ್ನು ಹೊನ್ನಾಳಿಯ ತಗಡಿನ ಮನೆಗೆ ಕರೆದುಕೊಂಡು ಹೋಗಿ ಕೂರಿಸಿತು. ನಿಮಗೂ ಅಂಥದೊಂದು ವಾಸನೆ ಇದ್ದೇ ಇರುತ್ತದೆ. ಮನೆ ಬಿದ್ದುಹೋಗಿರುತ್ತದೆ, ಮನೆಯೊಳಗಿದ್ದವರು ಮಣ್ಣಾಗಿರುತ್ತಾರೆ, ವಾಸನೆ ಮಾತ್ರ ಬಾಗಿಲು ತೆಗೆದುಕೊಂಡು ಕಾಯುತ್ತಿರುತ್ತದೆ.

ಮನೆ ಎಂದರೆ ಹೇಳಿಕೊಳ್ಳುವಂಥ ಮನೆಯೇನಲ್ಲ. ಹೊಳೆಯ ಕಡೆ ಇಳಿಯುವ ದಾರಿಯಲ್ಲಿ ಬುಡೇನ್ ಸಾಬರ ಮಂಡಕ್ಕಿ ಭಟ್ಟಿ ಇತ್ತು. ಅದರ ಹಿಂಗೋಡೆಗೆ ಆನಿಸಿ ತಗಡು ಹೊದಿಸಿದ ಒಂದು ಕೋಣೆಯಲ್ಲಿ ನಾವು ಮೂರು ಜನ, ಅವ್ವ, ಎಸ್ತೇರಕ್ಕ ಮತ್ತು ನಾನು. ಅಪ್ಪ ನನಗೆ ಮುಖ ನೆನಪಾಗುವ ಮೊದಲೇ ತೀರಿಕೊಂಡಿದ್ದ. ಭಟ್ಟಿಯ ಕಾವಿಗೆ ಚಳಿಗಾಲದಲ್ಲಿ ಆ ಗೋಡೆ ಬೆಚ್ಚಗಿರುತ್ತಿತ್ತು, ನಾನೂ ಅಕ್ಕನೂ ಅದಕ್ಕೆ ಬೆನ್ನು ಕೊಟ್ಟು ಮಲಗುತ್ತಿದ್ದೆವು. ಬೇಸಿಗೆಯಲ್ಲಿ ಅವ್ವ ಅದೇ ಗೋಡೆಗೆ ಒದ್ದೆ ಗೋಣಿಚೀಲ ತೂಗುಹಾಕುತ್ತಿದ್ದಳು. ಅಜ್ಜಿಯ ಕಾಲದಿಂದ ನಾವು ಯೇಸುಸ್ವಾಮಿಯ ಸಭೆಗೆ ಹೋಗುವವರು. ಸಾಬರು ನಮಾಜಿಗೆ ಎದ್ದು ಹೋದಾಗ ಭಟ್ಟಿಯನ್ನು ಅವ್ವ ನೋಡಿಕೊಳ್ಳುತ್ತಿದ್ದಳು, ಭಾನುವಾರ ಬೆಳಿಗ್ಗೆ ನಾವು ಸಭೆಗೆ ಹೋದಾಗ ಸಾಬರ ಹೆಂಡತಿಯೇ ಬಂದು ಒಲೆಯ ಮುಂದೆ ಕೂರುತ್ತಿದ್ದರು. ಇದರ ಬಗ್ಗೆ ಯಾರೂ ಯಾರಿಗೂ ಏನೂ ಹೇಳಿದ್ದಿಲ್ಲ. ಹಬ್ಬಕ್ಕೆ ಅವರ ಮನೆಯ ಶಾವಿಗೆ ನಮಗೆ, ಕ್ರಿಸ್ಮಸ್ಸಿಗೆ ನಮ್ಮ ಕರ್ಜಿಕಾಯಿ ಅವರಿಗೆ. ಸಾಬರು ಕರ್ಜಿಕಾಯಿ ಕಚ್ಚಿ, "ಒಳಗೆ ಕೊಬ್ಬರಿ ಎಲ್ಲಿಟ್ಟೀಯವ್ವಾ, ಹುಡುಕಾಕೆ ಬ್ಯಾಟರಿ ಬೇಕಲ್ಲ" ಎಂದು ಪ್ರತಿವರ್ಷ ಅದೇ ಮಾತು ಆಡುತ್ತಿದ್ದರು. ಅವ್ವ ಪ್ರತಿವರ್ಷ ನಗುತ್ತಿದ್ದಳು.

ಒಲೆಗೆ ಹೊಟ್ಟು ಒಟ್ಟುವುದು ಅವ್ವನ ಕೆಲಸ. ಅಗಲವಾದ ಕಬ್ಬಿಣದ ಬಾಣಲೆಯಲ್ಲಿ ಉಸುಕು ಕೆಂಪಗೆ ಕಾದಾಗ ಅಕ್ಕಿ ಸುರಿದು ತಿರುವುವುದು ಅಕ್ಕನದು. ಅರಳಿದ ಮಂಡಕ್ಕಿಯನ್ನು ಉಸುಕಿನ ಸಮೇತ ಅವಳು ಜರಡಿಗೆ ಎತ್ತಿಹಾಕಿದರೆ, ನಾನು ಆಡಿಸಿ ಉಸುಕನ್ನು ಮತ್ತೆ ಬಾಣಲೆಗೆ ಉದುರಿಸುತ್ತಿದ್ದೆ. ಉಸುಕು ಸಿಡಿದು ಮುಂಗೈ ಮೇಲೆ ಕೂತರೆ ಸಣ್ಣ ಕರಿಚುಕ್ಕಿಗಳಾಗುತ್ತಿದ್ದವು. ಅಕ್ಕ ಅದನ್ನು ದುಡ್ಡು ಕೊಡದೆ ಹಾಕಿಸಿಕೊಂಡ ಹಚ್ಚೆ ಎನ್ನುತ್ತಿದ್ದಳು. ನಾನು ಏಳನೇ ಕ್ಲಾಸಿನ ತನಕ ಶಾಲೆಗೆ ಹೋದೆ, ಅಕ್ಕ ಎರಡನೆಯದಕ್ಕೇ ಬಿಟ್ಟಿದ್ದಳು. ಆದರೆ ಬಾಯಿ ಸುಮ್ಮನಿರುತ್ತಿರಲಿಲ್ಲ ಅವಳದು. ಅಕ್ಕಿ ತಿರುವುವ ಕಡ್ಡಿಯ ಕಟ್ಟು ಬಾಣಲೆಯಲ್ಲಿ ಸರ್‌ಸರ್ ಎಂದು ಸುತ್ತುವ ಸದ್ದಿಗೂ ನನ್ನ ಜರಡಿಯ ಸದ್ದಿಗೂ ಸರಿಯಾಗಿ ಏನಾದರೊಂದು ಗುನುಗುತ್ತಿದ್ದಳು. ಸಭೆಯಲ್ಲಿ ಕಲಿತ ಹಾಡುಗಳು ಆ ಲಯಕ್ಕೆ ಕೂಡುತ್ತಿರಲಿಲ್ಲ. ಹೊಗೆಗೆ ಅವ್ವ ಕೆಮ್ಮಿ ಕೆಮ್ಮಿ ಹೊರಗೆ ಹೋಗಿ ಕೂತ ಒಂದು ಮಧ್ಯಾಹ್ನ, ಅಕ್ಕ ಒಂದು ಸಾಲು ಹೇಳಿ ನಿಲ್ಲಿಸಿದಳು, ಮತ್ತೊಂದು ಹೇಳಿದಳು, ಬಾಣಲೆ ತಿರುವುತ್ತಲೇ ಅದನ್ನು ಅಳಿಸಿ ಬೇರೆ ಹೇಳಿದಳು. ಹೊತ್ತಿಳಿಯುವುದರೊಳಗೆ ಒಂದು ಪದ ಆಗಿತ್ತು.

ಕಾದ ಉಸುಕಿನಾಗೆ ಕಾಳು ಅರಳಿದಂಗೆ
ನೊಂದ ಒಡಲಿನಾಗೆ ನಗೆಯ ಅರಳಿಸಪ್ಪಾ
ಜರಡಿ ಹಿಡಿದ ಸ್ವಾಮಿ, ಜಳ್ಳು ಅನಬ್ಯಾಡ
ಉದುರಿ ಹೋಗಲಿ ಉಸುಕು, ಉಳಿಯಲಿ ನಾನು

"ಹೆಂಗೈತೇ ರೂತೀ?" ಎಂದು ಕೇಳಿದಳು. ನಾನು ಜರಡಿ ಆಡಿಸುತ್ತ, ಚೆನ್ನಾಗೈತೆ ಆದರೆ ಸ್ವಾಮಿ ಕೈಯಲ್ಲಿ ಜರಡಿ ಯಾಕಿದೆ, ಜರಡಿ ಹಿಡಿದವಳು ನಾನಲ್ಲವೆ ಎಂದೆ. ಅಕ್ಕ ಬಾಣಲೆಯ ಮೇಲೆ ಬಗ್ಗಿ ಬಿದ್ದು ಬಿದ್ದು ನಕ್ಕಳು. ಅವಳ ಮುಖವೆಲ್ಲ ಮಸಿ, ಹಲ್ಲು ಮಾತ್ರ ಬೆಳ್ಳಗೆ. ಅವಳನ್ನು ನೆನೆದರೆ ನನಗೆ ಮೊದಲು ಕಾಣುವುದು ಆ ನಗುವೇ.

ನಾನು ದೊಡ್ಡವಳಾಗುವ ಹೊತ್ತಿಗೆ ಲೀಲಮ್ಮ ಟೀಚರ್ ಎಂಬವರು ಪಟ್ಟಣದ ಸಭೆಯ ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ನಮ್ಮ ಕಡೆಯ ಊರುಗಳಿಗೆ ಬರತೊಡಗಿದ್ದರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ವರ್ಷಕ್ಕೊಂದು ಸುತ್ತು. ಗಂಡಸರ ಮುಂದೆ ಬಾಯಿ ತೆರೆಯದ ಹೆಂಗಸರನ್ನು ಒಂದು ಕಡೆ ಕೂರಿಸಿ ಪ್ರಾರ್ಥನೆ ಮಾಡಿ, ದೇವರು ನಿಮ್ಮನ್ನು ಲೆಕ್ಕಕ್ಕೆ ಇಟ್ಟಿದ್ದಾನೆ ಎಂದು ಹೇಳಿ ಹೋಗುವುದು ಅವರ ಕೆಲಸ. ಉಪದೇಶ ಕಡಿಮೆ ಮಾಡುತ್ತಿದ್ದರು. ಪ್ರತಿಯೊಬ್ಬಳನ್ನೂ ಎದ್ದು ನಿಲ್ಲಿಸಿ, ನಿನ್ನ ಹೆಸರು ಹೇಳು, ನಿನ್ನ ಕೈಯಾರೆ ಮಾಡಿದ್ದು ಒಂದನ್ನು ಹೇಳು ಎನ್ನುತ್ತಿದ್ದರು. ಅಷ್ಟಕ್ಕೇ ಎಷ್ಟೋ ಜನ ಬೆವರುತ್ತಿದ್ದರು. ಅಕ್ಕ ಅಡಿಗೆಗೂ ಹಾಡಿಗೂ ಅವರ ಜೊತೆ ಹೊರಟಳು. ಹೋಗಿ ಬಂದರೆ ವಾರಗಟ್ಟಲೆ ಭಟ್ಟಿಯ ಮುಂದೆ ಅದೇ ಕಥೆ.

ಬಿಳಿಚೋಡಿನ ಕಥೆಯನ್ನು ಅವಳು ಎಷ್ಟು ಸಲ ಹೇಳಿದಳೋ. ನಮ್ಮ ಸಭೆಗಳಲ್ಲಿ ದೇವರು ತನಗೆ ಮಾಡಿದ್ದನ್ನು ಎಲ್ಲರ ಮುಂದೆ ಹೇಳುವುದಕ್ಕೆ ಸಾಕ್ಷಿ ಎನ್ನುತ್ತೇವೆ. ಅಕ್ಕ ಓಣಿಯಲ್ಲಿ ಹೋಗಿ, ಸಂಜೆ ಎಲ್ಲರೂ ಬರ್ರಿ, ಸಾಕ್ಷಿ ಹೇಳೋದೈತೆ ಎಂದು ಸಾರಿದಳಂತೆ. ಓಣಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವಂತೆ. ಅಲ್ಲಿ ಯಾವುದೋ ಬದುವಿನ ಜಗಳ ನಡೆದಿತ್ತು. ಕುರಿ ಸಾಕುವ ಮನೆಯ ಒಬ್ಬ ಮುದುಕಿ ಕಿಟಕಿಯಿಂದಲೇ, "ನಾವು ಏನೂ ನೋಡಿಲ್ರೀ ಯವ್ವಾ, ನಮ್ಮನ್ನ ಕೋರ್ಟಿಗೆ ಎಳೀಬ್ಯಾಡ್ರಿ" ಎಂದು ಕೈ ಮುಗಿದಳಂತೆ. ಅಕ್ಕ ಅವಳ ಕಿಟಕಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು, "ಕೋರ್ಟಿನ ಸಾಕ್ಷಿ ಅಲ್ಲಜ್ಜೀ. ನಡೆದದ್ದನ್ನ ನಡೆದಂಗೆ ಹೇಳೋದು, ಅಷ್ಟೇ" ಎಂದು ಒಪ್ಪಿಸಿದಳಂತೆ. ಸಂಜೆ ಆ ಅಜ್ಜಿ ಬಂದು, ಕೈಯಾರೆ ಮಾಡಿದ್ದು ಏನೂ ಇಲ್ಲ, ಊರ ಕುರಿಗಳ ಹೆರಿಗೆ ಮಾಡಿಸಿದ್ದು ಬಿಟ್ಟರೆ ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ತಾನು ಕಟ್ಟಿದ ಪದವನ್ನೂ ಅಕ್ಕ ಅಂಥ ಕೂಟಗಳಲ್ಲಿ ಹೇಳಿಕೊಟ್ಟಳು. ಯಾರು ಕಟ್ಟಿದ್ದೆಂದು ಅವಳೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಪದ ತಾನೇ ಊರಿಂದೂರಿಗೆ ನಡೆದುಹೋಯಿತು.

ಅಷ್ಟರಲ್ಲಿ ನನಗೆ ಚನ್ನಗಿರಿಯ ಸಂಬಂಧ ಕೂಡಿಬಂತು. ಮಾವ ಸರ್ಕಾರಿ ನೌಕರಿಯಲ್ಲಿದ್ದವರು. ಮನೆಯಲ್ಲಿ ಕುರ್ಚಿಗಳಿದ್ದವು, ಗೋಡೆಗೆ ಬಣ್ಣವಿತ್ತು. ಸಂಬಂಧ ತಂದವರು ಅವರಿಗೆ ನಮ್ಮದು ಅಕ್ಕಿ ವ್ಯಾಪಾರದ ಮನೆ ಎಂದು ಹೇಳಿದ್ದರು. ಅವ್ವನಿಗೂ ಅಕ್ಕನಿಗೂ ಅದು ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅಕ್ಕಿಯ ಜೊತೆಗೇ ಅಲ್ಲವೆ ನಮ್ಮ ಬದುಕು, ಪೂರಾ ಸುಳ್ಳೇನಲ್ಲ ಎಂದು ನನಗೆ ನಾನೇ ಹೇಳಿಕೊಂಡು ಸುಮ್ಮನಾದೆ. ಗಂಡನ ಮನೆಯಲ್ಲಿ ಮೊಣಕೈ ದಾಟಿದ ತೋಳಿನ ರವಿಕೆಯನ್ನೇ ತೊಟ್ಟೆ. ಅತ್ತೆ ಎಂದೂ ಗದರಿದವರಲ್ಲ. ಆದರೆ ಅವರ ನೆರೆಯವರು ಹಂಚಿ ತಿನ್ನಲು ಮಂಡಕ್ಕಿ ತಂದಾಗೆಲ್ಲ ನಾನು ಮುಂಗೈಯ ಚುಕ್ಕಿಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದೆ.

ಆ ವರ್ಷ ತಂಡ ಚನ್ನಗಿರಿಗೆ ಬಂದಾಗ ಕೂಟ ನಡೆದದ್ದು ನಮ್ಮ ಮನೆಯ ಪಡಸಾಲೆಯಲ್ಲೇ. ಅಕ್ಕ ಬಂದಿದ್ದಳು. ಹಳೆಯ ನೀಲಿ ಸೀರೆ, ತಲೆಗೆ ಎಣ್ಣೆ, ಕೈಯಲ್ಲಿ ನನಗೆಂದು ಒಂದು ಗಂಟು ಮಂಡಕ್ಕಿ. ಗಂಟನ್ನು ನಾನು ಒಳಗೆ ಒಯ್ದು ಹಿತ್ತಿಲ ಬಾಗಿಲ ಹಿಂದೆ ಇಟ್ಟೆ. ಹಾಡಿನ ಹೊತ್ತಿಗೆ ಚನ್ನಗಿರಿಯ ಹೆಂಗಸರು ತಾವಾಗಿಯೇ ಅಕ್ಕನ ಪದ ಎತ್ತಿಕೊಂಡರು. ಬಾಯಿಂದ ಬಾಯಿಗೆ ಹೋಗಿ ಅದು ಅಷ್ಟರಲ್ಲಿ ಬದಲಾಗಿತ್ತು. "ತೋಟದ ಮಧ್ಯೆ ಹೂವು ಅರಳಿದಂಗೆ" ಎಂದು ಹಾಡಿದರು. ಮುಗಿದ ಮೇಲೆ ಅಕ್ಕ ಮೆಲ್ಲಗೆ, ಅಲ್ಲಿ ಹೂವಲ್ಲ, ಉಸುಕು ಎಂದಳು.

ಅತ್ತೆಯ ಗೆಳತಿಯೊಬ್ಬರು, "ಉಸುಕಲ್ಲಿ ಏನು ಅರಳ್ತೈತೆ ತಾಯೀ, ಕತ್ತೆ ಹೊರಳ್ತೈತೆ" ಎಂದರು. ಪಡಸಾಲೆಯೆಲ್ಲ ನಕ್ಕಿತು. ಅಕ್ಕನೂ ನಕ್ಕಳು. "ಮಂಡಕ್ಕಿ ಅರಳ್ತೈತಲ್ರೀ" ಎಂದಳು. ಲೀಲಮ್ಮ ಟೀಚರ್ ಕುತೂಹಲದಿಂದ ಮುಂದೆ ಬಗ್ಗಿ, ಈ ಪದ ಯಾರು ಕಟ್ಟಿದ್ದು ನಿನಗೆ ಗೊತ್ತೇನು ಎಂದು ಕೇಳಿದರು. ನಾಲ್ಕೂರು ಸುತ್ತಿ ಬೇರೆ ಹೆಂಗಸರ ಬಾಯಿಂದ ಅವರ ಕೈಕೆಲಸವನ್ನು ಹೇಳಿಸಿದವಳು ತನ್ನದನ್ನು ಅಲ್ಲಿಯವರೆಗೆ ಹೇಳಿಕೊಂಡಿರಲಿಲ್ಲ. ಈಗ ತಲೆಯೆತ್ತಿ, ನಾನೇ ಎಂದಳು.

"ಕಟ್ಟು ತಾಯೀ, ಬ್ಯಾಡ ಅಂದೋರ್ಯಾರು. ನಾನೂ ಮೊನ್ನೆ ನಮ್ಮೂರ ಕೋಟೆ ಕಟ್ಟಿಸ್ದೆ" ಎಂದರು ಆ ಗೆಳತಿ. ಅದರಲ್ಲಿ ಹಗೆಯೇನಿರಲಿಲ್ಲ, ತಮಾಷೆ ಅಷ್ಟೇ. ಆದರೆ ನಗು ನಿಲ್ಲಲಿಲ್ಲ. ಅಕ್ಕ ನನ್ನ ಕಡೆ ತಿರುಗಿದಳು. "ನಮ್ಮ ತಂಗೀನೇ ಕೇಳ್ರಿ. ಕಟ್ಟೋವಾಗ ನನ್ನ ಪಕ್ಕದಾಗೇ ಇದ್ಲು. ಹೇಳೇ ರೂತೀ."

ಎಲ್ಲರೂ ನನ್ನನ್ನು ನೋಡಿದರು. ಅತ್ತೆಯೂ ನೋಡಿದರು. ಹೌದು ಎಂದರೆ ಎಲ್ಲಿ ಎಂದು ಕೇಳುತ್ತಾರೆ. ಎಲ್ಲಿ ಎಂದರೆ ಸಾಬರ ಭಟ್ಟಿಯಲ್ಲಿ, ಮಸಿ ಮುಖದಲ್ಲಿ, ಕೂಲಿಗೆ, ನನ್ನ ಕೈಯಲ್ಲಿ ಜರಡಿ. ಇದಿಷ್ಟು ಒಂದು ಉಸಿರಿನೊಳಗೆ ನನ್ನ ತಲೆಯಲ್ಲಿ ಓಡಿತು. ನಾನು ಸೆರಗಿನಿಂದ ಮುಂಗೈ ಮುಚ್ಚಿಕೊಂಡು, "ನಂಗೆ ನೆನಪಿಲ್ಲ" ಎಂದೆ.

ಅಕ್ಕ ನನ್ನ ಮುಖ ನೋಡಿದಳು, ಮುಚ್ಚಿಕೊಂಡ ಕೈ ನೋಡಿದಳು, ಕುರ್ಚಿಯಲ್ಲಿ ಕೂತ ಅತ್ತೆಯನ್ನು ನೋಡಿದಳು. ಅವಳಿಗೆ ಎಲ್ಲ ತಿಳಿದುಹೋಯಿತು. "ಇರಬೋದು ಬಿಡ್ರಿ" ಎಂದಳು, ನಗುತ್ತಲೇ. "ಎಲ್ಲೋ ಕೇಳಿದ್ದನ್ನ ನಂದು ಅನ್ಕೊಂಡಿರಬೇಕು ನಾನು." ನನ್ನ ಮರ್ಯಾದೆ ಉಳಿಸಲು ತನ್ನದೊಂದೇ ಆಸ್ತಿಯನ್ನು ಅಲ್ಲೇ, ಎಲ್ಲರ ಮುಂದೆ, ಕೆಳಗಿಟ್ಟು ಎದ್ದು ಪಾತ್ರೆ ತೊಳೆಯಲು ಹೋದಳು. ಲೀಲಮ್ಮ ಟೀಚರ್ ಮುಂದಿನವಳ ಹೆಸರು ಕೇಳಿದರು. ಸಂಜೆ ಅಕ್ಕ ಹೊರಟಾಗ ಹಿತ್ತಿಲ ಬಾಗಿಲ ಹಿಂದಿನ ಗಂಟನ್ನು ತಾನೇ ತೆಗೆದು ಅಡಿಗೆಮನೆಯ ಕಟ್ಟೆಯ ಮೇಲಿಟ್ಟಳು. ಹಸಿಗಾಳಿಗೆ ಮೆತ್ತಗಾಗ್ತೈತೆ, ಡಬ್ಬಿಗೆ ಹಾಕು ಎಂದಷ್ಟೇ ಹೇಳಿದಳು.

ಆಮೇಲೂ ಅವಳು ಆ ತಂಡದ ಜೊತೆ ಹೋಗುವುದನ್ನು ಬಿಡಲಿಲ್ಲ. ಹಾಡುವುದನ್ನೂ ಬಿಡಲಿಲ್ಲ, ಬೇರೆಯವರ ಹಾಡುಗಳನ್ನು ಹಾಡಿದಳು. ತನ್ನ ಪದವನ್ನು ಮತ್ತೆ ಎತ್ತಲಿಲ್ಲ ಎಂದು ಟೀಚರ್ ನನಗೆ ಬಹಳ ದಿನಗಳ ಮೇಲೆ ಹೇಳಿದರು. ಅವ್ವ ಹೋದಳು. ಬುಡೇನ್ ಸಾಬರು ಹೋದರು. ಅವರ ಮಕ್ಕಳು ಭಟ್ಟಿ ಮುಚ್ಚಿ ಬೇರೆ ವ್ಯಾಪಾರ ಹಿಡಿದರೂ ಅಕ್ಕನನ್ನು ಆ ತಗಡಿನ ಕೋಣೆಯಿಂದ ಎಬ್ಬಿಸಲಿಲ್ಲ. ಅವಳಿಗೆ ಮದುವೆ ಕೂಡಿಬರಲಿಲ್ಲ, ಅದರ ಮಾತನ್ನು ಅವಳು ಆಡುತ್ತಲೂ ಇರಲಿಲ್ಲ. ಹೊಗೆ ಕುಡಿದ ಎದೆ ಕೊನೆಗೆ ಸೋತಿತು. ನಾನು ಹೋಗಿ ಹತ್ತಿರ ಕೂತಾಗ ಒಲೆಯಿಲ್ಲದ ಆ ಗೋಡೆ ತಣ್ಣಗಿತ್ತು. ಅವತ್ತು ನೆನಪಿಲ್ಲ ಅಂದುಬಿಟ್ಟೆನಲ್ಲ ಅಕ್ಕಾ ಎಂದು ಅವಳ ಕಾಲು ಹಿಡಿದೆ. ಅವಳು ಏದುಸಿರಿನ ನಡುವೆಯೂ ನಕ್ಕಳು. ಯೇಸುಸ್ವಾಮಿಯನ್ನು ಹಿಡಿದ ರಾತ್ರಿ ಅವನ ಶಿಷ್ಯನೇ ನನಗೆ ಅವನ ಪರಿಚಯವಿಲ್ಲ ಎಂದ ಕಥೆ ನಮ್ಮ ಸಭೆಯ ಮಕ್ಕಳಿಗೂ ಗೊತ್ತು. ಅಕ್ಕ ಅದನ್ನೇ ಎತ್ತಿಕೊಂಡಳು.

"ಅವನು ಕೋಳಿ ಕೂಗೋದ್ರೊಳಗೆ ಮೂರು ಸಲ ಅಂದ. ನೀನು ಒಂದೇ ಸಲ ಅಂದಿ. ಅವನಿಗಿಂತ ವಾಸಿ ಬಿಡೇ."

ನಾನು ಅಳುತ್ತಲೇ ಇದ್ದೆ. ಅವಳು ನನ್ನ ರವಿಕೆಯ ತೋಳನ್ನು ಮೇಲಕ್ಕೆ ಸರಿಸಿ, ಮಾಸಿದ ಚುಕ್ಕಿಗಳ ಮೇಲೆ ಬೆರಳಾಡಿಸಿದಳು. ಆಮೇಲೆ ನಗು ಬಿಟ್ಟು ಹೇಳಿದಳು. "ನಂಗೆ ಹೇಳಬ್ಯಾಡ ರೂತೀ, ನಂಗೆ ಗೊತ್ತೈತೆ. ಆ ಪಡಸಾಲೆಯಾಗೆ ಹೇಳು."

ಅದೊಂದನ್ನೇ ಅವಳು ನನ್ನಿಂದ ಕೇಳಿದ್ದು. ಅವಳು ಹೋದ ಮೇಲೆ ತಂಡ ಒಂದೆರಡು ಸಲ ಚನ್ನಗಿರಿಗೆ ಬಂದು ಹೋಯಿತು. ನನಗೊಮ್ಮೆ ತಲೆನೋವು, ಒಮ್ಮೆ ಅಡಿಗೆಮನೆ ಬಿಟ್ಟು ಬರಲಾಗದಷ್ಟು ಕೆಲಸ. ಈಗ ಟೀಚರ್‌ಗೆ ವಯಸ್ಸಾಗಿದೆ. ಈ ವರ್ಷ ಅಡಿಗೆಗೆ ಯಾರೂ ಇಲ್ಲ, ನಿಮ್ಮಕ್ಕನ ಜಾಗಕ್ಕೆ ಬರ್ತೀಯಾ ಎಂದು ಅವರೇ ಫೋನು ಮಾಡಿದರು. ಹೊರಟೆ. ಜಗಳೂರಿನಿಂದ ಶುರುವಾಗಿ ಚನ್ನಗಿರಿಯಲ್ಲಿ ಮುಗಿಯುವ ಸುತ್ತು ಅದು. ಬಿಳಿಚೋಡಿನಲ್ಲಿ ಕುರಿ ಹೆರಿಗೆಯ ಅಜ್ಜಿಯ ಸೊಸೆ, ಎಸ್ತೇರಕ್ಕನ ತಂಗಿ ಎಂದು ತಿಳಿದೊಡನೆ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಗಿಣ್ಣು ಕೊಟ್ಟಳು. ಹೊನ್ನಾಳಿಯಲ್ಲಿ ಭಟ್ಟಿ ಇದ್ದ ಕಡೆ ಗೊಬ್ಬರದಂಗಡಿ ಎದ್ದಿದೆ. ನಮ್ಮ ಗೋಡೆ ಇದ್ದ ಜಾಗದಲ್ಲಿ ಯಾರೋ ಬೈಕು ನಿಲ್ಲಿಸಿದ್ದರು. ನ್ಯಾಮತಿಯಲ್ಲಿ ಸಾಕ್ಷಿ ಹೇಳುವವರು ಯಾರಾದರೂ ಇದ್ದೀರಾ ಎಂದು ಟೀಚರ್ ಕೇಳಿದಾಗ ಅರ್ಧ ಎದ್ದು, ಸಾರು ನೋಡುವ ನೆಪ ಮಾಡಿ ಹೊರಗೆ ನಡೆದೆ. ಹೇಳಬೇಕಾದ ಪಡಸಾಲೆ ಅದಲ್ಲ ಎಂದು ಸಮಾಧಾನ ಮಾಡಿಕೊಂಡೆ. ಹೆದರಿಕೆಯೇ ನಿಜವಾದ ಕಾರಣ.

ಚನ್ನಗಿರಿಯ ನಮ್ಮ ಪಡಸಾಲೆಯಲ್ಲಿ ಈಗ ಅತ್ತೆ ಕುರ್ಚಿಯಲ್ಲಿ ಕೂರಲಾರರು, ಗೋಡೆಗೊರಗಿ ಚಾಪೆಯ ಮೇಲೆ ಕೂರುತ್ತಾರೆ. ಹೆಂಗಸರು ತುಂಬಿದ್ದರು. ಹೂವಿನ ಸಾಲಿನ ಆ ಪದವನ್ನೇ ಹಾಡಿದರು. ಮುಗಿಯುವುದನ್ನು ಕಾಯದೆ ನಾನು ಎದ್ದೆ. ಟೀಚರ್ ಕೇಳುವ ಮೊದಲೇ ಹೆಸರು ಹೇಳಿದೆ. ಈ ಪದ ನಮ್ಮಕ್ಕ ಎಸ್ತೇರಮ್ಮ ಕಟ್ಟಿದ್ದು, ಹೊನ್ನಾಳಿಯ ಮಂಡಕ್ಕಿ ಭಟ್ಟಿಯಲ್ಲಿ, ನಾವು ಅಲ್ಲಿ ಕೂಲಿಗಿದ್ದೆವು, ನಾನು ಪಕ್ಕದಲ್ಲಿ ಕೂತು ಜರಡಿ ಆಡಿಸುತ್ತಿದ್ದೆ, ಇದೇ ಪಡಸಾಲೆಯಲ್ಲಿ ಅವಳು ಕೇಳಿದಾಗ ನೆನಪಿಲ್ಲ ಎಂದೆ, ನನಗೆ ಎಲ್ಲ ನೆನಪಿತ್ತು ಎಂದೆ. ತೋಳು ಸರಿಸಿ ಕೈ ತೋರಿಸಿದೆ. ಹೇಳುವುದು ಇಷ್ಟು ಸಣ್ಣದಿತ್ತು. ಇದನ್ನು ಹೊತ್ತುಕೊಂಡು ಎಷ್ಟು ವರ್ಷ ತಿರುಗಿದೆ ಎನ್ನಿಸಿತು.

ಅತ್ತೆ ಕೈಯಾಡಿಸಿ ನನ್ನನ್ನು ಹತ್ತಿರ ಕರೆದರು.

"ನಾನು ದಾವಣಗೆರೆಯಾಗೆ, ಮಂಡಕ್ಕಿ ಭಟ್ಟಿಗಳ ನಡುವೆ ಹುಟ್ಟಿದೋಳು ಕಣೇ. ಭಟ್ಟಿ ಕೈ ಯಾವ್ದು ಅಂತ ನಂಗೆ ಗೊತ್ತಾಗಲ್ವಾ? ಬಳೆ ತೊಡಿಸೋವಾಗ್ಲೇ ನೋಡಿದ್ದೆ."

ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. "ನೀನು ಮುಚ್ಕೊಂಡಿದ್ದೆ. ಮುಚ್ಕೊಂಡಿದ್ದನ್ನ ಬಿಚ್ಚಿ ನೋಡೋದು ನಂಗೆ ಸರಿ ಕಾಣಲಿಲ್ಲ" ಎಂದರು. ಆಮೇಲೆ, "ನಿಮ್ಮಕ್ಕಂಗೆ ಹೇಳಬೇಕಿತ್ತು ನಾನು. ಅದು ತಪ್ಪಾತು" ಎಂದು ಕಣ್ಣೊರೆಸಿಕೊಂಡರು. ಯಾರಿಗೆ ಹೆದರಿ ನಾನು ಅಕ್ಕನನ್ನು ಬಿಟ್ಟುಕೊಟ್ಟೆನೋ ಅವರು ಹೆದರಬೇಕಾದವರೇ ಆಗಿರಲಿಲ್ಲ. ಈ ಮಾತು ನನ್ನನ್ನು ಇನ್ನೂ ಸುಡುತ್ತದೆ. ಆದರೂ ಇಂಥ ಅತ್ತೆಯನ್ನು, ಅಂಥ ಅಕ್ಕನನ್ನು, ಒಲೆಯ ಮುಂದೆ ನಮ್ಮ ಬದಲಿಗೆ ಕೂತ ಸಾಬರ ಹೆಂಡತಿಯನ್ನು, ಹೆಸರು ಹೇಳು ಎಂದು ಊರೂರು ಸುತ್ತಿದ ಟೀಚರನ್ನು ಕೊಟ್ಟ ದೇವರಿಗೆ ನಾನು ಕೃತಜ್ಞಳಾಗಿರದೆ ಇನ್ನೇನು ಮಾಡಲಿ. ನನ್ನ ಪಾಲಿಗೆ ಬಂದವರೆಲ್ಲ ನನಗಿಂತ ದೊಡ್ಡವರು.

ಟೀಚರ್ ಪದವನ್ನು ಮತ್ತೊಮ್ಮೆ ಹೇಳಿಕೊಡು ಎಂದರು. ನನಗೆ ಅಕ್ಕನ ಕಂಠವಿಲ್ಲ. ಉಸುಕು ಎಂದು ಹೇಳಿದೆ, ಉಸುಕು ಎಂದು ಹಾಡಿದರು. ಕೋಟೆ ಕಟ್ಟಿಸಿದ್ದ ಆ ಗೆಳತಿಯೂ ಹಲ್ಲಿಲ್ಲದ ಬಾಯಲ್ಲಿ ಹಾಡಿದರು. ಉದುರಿ ಹೋಗಲಿ ಉಸುಕು ಎನ್ನುವಾಗ ನನ್ನ ಕೈಗಳು ಸೆರಗಿನ ಹೊರಗೇ ಇದ್ದವು, ಗಾಳಿಯಲ್ಲಿ ಜರಡಿ ಆಡಿಸುತ್ತಿದ್ದವು.

ಮಾರನೆಯ ದಿನ ಟೆಂಪೊ ತೊಳೆಯುವಾಗ ಜಗಳೂರಿನ ದಾರಿಯಲ್ಲಿ ಕೊಂಡ ಮಂಡಕ್ಕಿ ಚೀಲದ ತಳದಲ್ಲಿ ಒಂದು ಹಿಡಿ ಉಳಿದಿತ್ತು. ಮೆತ್ತಗಾಗಿತ್ತು. ಬಾಯಿಗೆ ಹಾಕಿಕೊಂಡೆ. ಎಷ್ಟು ಜರಡಿ ಹಿಡಿದರೂ ತಪ್ಪಿಸಿಕೊಂಡು ಉಳಿಯುವ ಒಂದು ಕಾಳು ಉಸುಕು ಹಲ್ಲಿಗೆ ಸಿಕ್ಕಿ ಕಟಕ್ಕೆಂದಿತು. ಚಿಕ್ಕವಳಿದ್ದಾಗ ಹಾಗೆ ಸಿಕ್ಕರೆ, ಸರಿಯಾಗಿ ಜರಡಿ ಆಡಿಸಲಿಲ್ಲವೆಂದು ಅಕ್ಕ ನನ್ನ ತಲೆಗೆ ಮೊಟಕುತ್ತಿದ್ದಳು. ತಲೆ ಬಗ್ಗಿಸಿ ಸ್ವಲ್ಪ ಹೊತ್ತು ಹಾಗೆಯೇ ಕೂತಿದ್ದೆ. ಅದನ್ನು ಉಗುಳಲಿಲ್ಲ.